ಅಳಿಸದೆ ಬಿಟ್ಟ ಪುಟ

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ನರ್ಸಮ್ಮನವರಿಗೆ,

ಹೇಗಿದ್ದೀಯ? ಕಾಲುನೋವು ಕಡಿಮೆಯಾಯಿತೆ? ವಾರ್ಡಿನಲ್ಲಿ ಇಡೀ ದಿನ ನಿಂತೇ ಇರುತ್ತೀಯ, ಊಟಕ್ಕಾದರೂ ಕೂತುಕೋ. ನಿನ್ನ ತರಬೇತಿ ಅರ್ಧ ಮುಗಿಯಿತು ಎಂದು ಕ್ಯಾಲೆಂಡರಿನಲ್ಲಿ ಗೆರೆ ಎಳೆದಿದ್ದೇನೆ. ಅಪ್ಪ-ಮಗಳು ಇಬ್ಬರೂ ಚೆನ್ನಾಗಿದ್ದೇವೆ. ಅಷ್ಟೇ ಅಂದರೆ ಸಾಲದು, ನಿನ್ನೆಯಿಂದ ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಅಕ್ಷರ ಸೊಟ್ಟಗಾಗಿದ್ದರೆ ಹೊಟ್ಟೆಗೆ ಹಾಕಿಕೋ.

ಮೊದಲು ಒಂದು ತಪ್ಪೊಪ್ಪಿಗೆ. ನಮ್ಮ ಗುಬ್ಬಿಯ ಗಣಿತದ ನೋಟ್‌ಬುಕ್ಕಿನ ಫೋಟೋ ಕಳಿಸುತ್ತಿದ್ದೆನಲ್ಲ, ಒಂದೂ ಚಿತ್ತಿಲ್ಲದೆ ಮುತ್ತು ಪೋಣಿಸಿದ ಹಾಗೆ? ಅದು ನನ್ನ ಕೈಚಳಕ. ಹೊರಡುವಾಗ ನೀನು "ಮಗಳು ಒಂಬತ್ತನೇ ಕ್ಲಾಸು, ದಿನಾ ಅವಳ ಪಕ್ಕ ಕೂತ್ಕೊಳ್ಳಿ" ಎಂದಿದ್ದೆ. ಎಂಟಕ್ಕೇ ಶಾಲೆ ಬಿಟ್ಟವನು ಕೂತು ಏನು ಮಾಡಲಿ? ನನಗೆ ಗೊತ್ತಿರುವುದು ಟೈಲರ್ ಕೆಲಸ. ತಪ್ಪು ಹೊಲಿಗೆಯನ್ನು ಗಿರಾಕಿಯ ಕಣ್ಣಿಗೆ ಬೀಳುವ ಮೊದಲೇ ಬಿಚ್ಚಿ ಹೊಲಿಯುತ್ತೇನೆ. ನೋಟ್‌ಬುಕ್ಕಿಗೂ ಅದನ್ನೇ ಮಾಡಿದೆ. ಲೆಕ್ಕ ತಪ್ಪಿದರೆ ರಬ್ಬರಿನಿಂದ ನಾನೇ ಉಜ್ಜಿ, ಪಠ್ಯಪುಸ್ತಕದ ಕೊನೆಯಲ್ಲಿರುವ ಉತ್ತರ ತೋರಿಸಿ ಬರೆಸುತ್ತಿದ್ದೆ. ನೋಟ್‌ಬುಕ್ಕು ಮಿನುಗಿತು, ಪರೀಕ್ಷೆಯಲ್ಲಿ ಐವತ್ತಕ್ಕೆ ಹನ್ನೊಂದು ಬಂತು. ಆ ಹನ್ನೊಂದು ಕೇಳಿಯೇ ನೀನು ತರಬೇತಿ ಬಿಟ್ಟು ಬಂದುಬಿಡುತ್ತೇನೆ ಎಂದು ಬರೆದೆ. ಅದನ್ನು ಓದಿ ನನಗೆ ಎರಡು ದಿನ ಊಟ ಸೇರಲಿಲ್ಲ.

ಅಷ್ಟರಲ್ಲಿ ಗಣಿತದ ಟೀಚರು ಕರೆಸಿದರು. ತಲೆ ತಗ್ಗಿಸಿ ಹೋದೆ. ಅವರು ನೋಟ್‌ಬುಕ್ಕಿನ ಹಾಳೆಯನ್ನು ಬೆಳಕಿಗೆ ಹಿಡಿದು, ಉಜ್ಜಿ ತೆಳ್ಳಗಾದ ಜಾಗಗಳನ್ನು ಬೆರಳಿನಿಂದ ಮುಟ್ಟಿದರು. "ಎಲ್ಲಿ ತಪ್ಪಿದಾಳೆ ಅನ್ನೋದನ್ನೇ ನೀವು ಅಳಿಸಿಬಿಟ್ರೆ, ನಾನು ಎಲ್ಲಿಂದ ಕಲಿಸಲಿ?" ಎಂದರು. ನಿಮಗೆ ಲೆಕ್ಕ ಬರದಿದ್ದರೂ ಪರವಾಗಿಲ್ಲ, ಅವಳು ಹೇಳುವುದನ್ನು ಕೇಳಿ, ಅರ್ಥವಾಗದ ಕಡೆ ಯಾಕೆ ಎನ್ನಿ, ಅಷ್ಟು ಸಾಕಂತೆ. ಅರ್ಥವಾಗದೆ ಇರುವುದರಲ್ಲಿ ನನ್ನನ್ನು ಮೀರಿಸುವವರುಂಟೆ?

ಅವತ್ತೇ ರಬ್ಬರು ಗುಂಡಿಗಳ ಡಬ್ಬಿಯ ತಳ ಸೇರಿತು. ಬಟ್ಟೆ ಕತ್ತರಿಸುವ ಮೇಜಿನಲ್ಲಿ ಅರ್ಧ ಅವಳದು, ಅರ್ಧ ನನ್ನದು. ಸಂಜೆ ಆ ಒಂದು ಗಂಟೆ ಮೆಷಿನ್ ತುಳಿಯುವುದಿಲ್ಲ, ಇಬ್ಬರ ಫೋನೂ ಕಪಾಟಿನಲ್ಲಿ. ಅವಳು ಹೇಳುತ್ತಾಳೆ, ನಾನು ಗುಂಡಿಗಳಿಗೆ ಕಾಜಾ ಹಾಕುತ್ತಾ ಕೇಳುತ್ತೇನೆ. ಮೊದಲ ವಾರ ಅಪ್ಪನಿಗೆ ಇದೂ ಗೊತ್ತಿಲ್ಲವೆ ಎಂದು ನನ್ನ ಮಾನ ಹರಾಜು ಹಾಕಿದಳು. ಆಮೇಲಾಮೇಲೆ ಹೇಳುತ್ತಾ ಹೇಳುತ್ತಾ ತಾನೇ ನಿಂತು, ಇರು, ಇಲ್ಲೇನೋ ಸರಿಯಿಲ್ಲ ಎನ್ನತೊಡಗಿದಳು.

ಈಗ ನಿನ್ನೆಯದು ಕೇಳು. ಅವಳಿಗೆ ವೃತ್ತದ ಪಾಠ, ನನಗೆ ಛತ್ರಿಯಂತೆ ಬಿಚ್ಚಿಕೊಳ್ಳುವ ಒಂದು ಸ್ಕರ್ಟು. ಸೊಂಟ ಇಪ್ಪತ್ತೆಂಟು ಇಂಚು. ನಡುವಿನ ವೃತ್ತದ ಅಳತೆ ತಾನೇ ಲೆಕ್ಕ ಹಾಕುತ್ತೇನೆ ಎಂದಳು. ಹಳೇ ಪೇಪರು ಕೊಟ್ಟೆ. ಅವಳ ಲೆಕ್ಕದ ಹಾಗೆ ನಡುವೆ ಮೂರು ಇಂಚಿನ ತ್ರಿಜ್ಯಕ್ಕೆ ವೃತ್ತ ಕತ್ತರಿಸಿ, ಒಂದು ಕಡೆ ಸೀಳಿ, ಅಳತೆಗೊಂಬೆಯ ಸೊಂಟಕ್ಕೆ ಸುತ್ತಿದರೆ ಎರಡು ತುದಿಯ ನಡುವೆ ಒಂದು ಗೇಣು ಬಾಕಿ! ಬಾಯಿಗೆ ಬಂದ ಮಾತು ನುಂಗಿಕೊಂಡು, ಒಂದೇ ಸೂಜಿಗೆ ಮೂರು ಸಲ ದಾರ ಪೋಣಿಸಿದೆ. ಅವಳು ಲೆಕ್ಕದ ಮೇಲೆ ಬೆರಳಿಟ್ಟು ಮೊದಲಿಂದ ಓದಿಕೊಂಡು ಬಂದಳು. "ಅಪ್ಪಾ, ನಾನು ಒಳಗಿನ ಜಾಗ ಲೆಕ್ಕ ಹಾಕಿದೀನಿ. ಬೇಕಾಗಿರೋದು ಸುತ್ತಳತೆ." ಮತ್ತೆ ಹಾಕಿದಾಗ ಹತ್ತಿರ ಹತ್ತಿರ ನಾಲ್ಕೂವರೆ ಇಂಚು ಬಂತು. ಪೇಪರು ಸೊಂಟಕ್ಕೆ ಸರಿಯಾಗಿ ಕೂತಿತು. ಅಷ್ಟಕ್ಕೇ ಬಿಟ್ಟಳೆ? ನೀನು ಹೇಗೆ ಕತ್ತರಿಸುತ್ತೀಯ ಎಂದಳು. ನಮ್ಮ ಮೇಸ್ತ್ರಿ ಹೇಳಿಕೊಟ್ಟ ಹಾಗೆ ಸೊಂಟವನ್ನು ಆರರಿಂದ ಭಾಗಿಸುತ್ತೇನೆ ಎಂದೆ. ಯಾಕೆ ಆರು ಎಂದಳು! ಆರಲ್ಲ, ಎರಡು ಪೈ ಅಂದರೆ ಆರೂಕಾಲಿನ ಮೇಲೆ ಚೂರು ಎಂದು ತೋರಿಸಿಯೂ ಕೊಟ್ಟಳು. ಇಪ್ಪತ್ತು ವರ್ಷದಿಂದ ಸೊಂಟ ಸಡಿಲವಾದಾಗಲೆಲ್ಲ ಬಟ್ಟೆ ಹಿಗ್ಗಿತು ಎಂದು ನಾನು ಬಟ್ಟೆಯನ್ನೇ ಬೈದಿದ್ದೇನೆ. ನಕ್ಕು ನಕ್ಕು ಇಬ್ಬರಿಗೂ ಹೊಟ್ಟೆ ಹಿಡಿದುಕೊಂಡಿತು. ಆಮೇಲೆ ನನಗೆ ಅಳು ಬಂತು, ಮುಚ್ಚಿಡುವುದೇಕೆ.

ಗುಬ್ಬಿ ಇಣುಕುತ್ತಿದ್ದಾಳೆ, ಓಡಿಸಿದೆ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೋಣೆಯ ಗೆಳತಿಯರಿಗೆ ನನ್ನ ನಮಸ್ಕಾರ.

ಇಂತಿ ನಿನ್ನ,
ಆರರಿಂದ ಭಾಗಿಸುತ್ತಿದ್ದ ಟೈಲರು

ಮರೆತಿದ್ದೆ: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಈ ವಾರದ ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಒಂಬತ್ತು. ಹೆಚ್ಚೇನಲ್ಲ, ಆದರೆ ಒಂಬತ್ತೂ ಅವಳವೇ. ತರಬೇತಿ ಬಿಟ್ಟು ಬರಬೇಡ, ಮುಗಿಸಿಕೊಂಡೇ ಬಾ. ನನ್ನ ಮಾತು ನಂಬಬೇಕಾಗಿಲ್ಲ, ಜೊತೆಗಿಟ್ಟ ನಿನ್ನೆಯ ಪುಟ ನೋಡು. ತಲೆಬರಹ ಗುಬ್ಬಿಯದೇ: "ಅಮ್ಮಾ, ಮೊದಲು ತಪ್ಪು ನೋಡು. ಆಮೇಲೆ ಹಾಳೆ ತಿರುಗಿಸು."