ನುಂಗದ ಮೊದಲ ಲೋಟ

ಹೊಸಗಣಿಪೇಟೆ
2191ನೆಯ ಇಸವಿ, ಫೆಬ್ರವರಿ 30

ಮುತ್ತಜ್ಜಿಯ ಮುತ್ತಜ್ಜಿ ಅಂಬವ್ವನವರಿಗೆ ಗೌರವ್ವನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆಯಲ್ಲಿ, ಜೀವಮಾನಕ್ಕೆ ಒಂದೇ ಹಾಳೆ ಕಳಿಸಬಹುದು. ಅದನ್ನು ನಿಮಗೇ ಬರೆಯುತ್ತಿದ್ದೇನೆ. ನೀವಿರುವ ಮನೆಯಲ್ಲೇ ನಾನೂ ಇದ್ದೇನೆ, ನಿಮ್ಮ ಹಿತ್ತಲ ಬಾವಿಯ ನೀರೇ ಈಗ ನಮ್ಮ ಬೀದಿಯ ನಲ್ಲಿಗಳಲ್ಲಿ ಬರುತ್ತದೆ.

ನಾನು ಕತ್ತುನೋಡುಗಿತ್ತಿ. ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ, ಒಂದು ಗುಟುಕು ನೀರು ಕುಡಿಸಿ, ನುಂಗುವಾಗ ಗಂಟಲ ಮೇಲೆ ಎರಡು ಬೆರಳಿಟ್ಟು ಥೈರಾಯ್ಡ್ ಗ್ರಂಥಿ ಊದಿದೆಯೇ ಎಂದು ನೋಡುವುದು ನನ್ನ ಕೆಲಸ. ಎರಡು ವರ್ಷಗಳಿಂದೀಚೆಗೆ, ಗುಡ್ಡದ ಹಿಂದೆ ಹೊಸ ಕಲ್ಲುಗಣಿಯ ಸಿಡಿಮದ್ದಿನ ಸದ್ದು ಕೇಳತೊಡಗಿದ ಮೇಲೆ, ನಮ್ಮ ಬೀದಿಯ ಹನ್ನೊಂದು ಹೆಂಗಸರ ಕತ್ತು ಊದಿದೆ. ಹಗಲೆಲ್ಲ ತೂಕಡಿಕೆ, ಬಾಚಣಿಗೆ ತುಂಬ ಕೂದಲು, ಬಿಸಿಲಲ್ಲೂ ಚಳಿ. ಇದಕ್ಕೆ ಕಾರಣವಾದ, ಸಿಡಿಮದ್ದಿನಲ್ಲಿ ಬೆರೆಸುವಂಥ ಒಂದು ಉಪ್ಪನ್ನು ನಾವು ಅಯೋಡಿನ್‌ಗಳ್ಳ ಎನ್ನುತ್ತೇವೆ. ನೀರಿನಲ್ಲಿ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗುವುದಿಲ್ಲ. ಗ್ರಂಥಿಗೆ ಸೇರಬೇಕಾದ ಅಯೋಡಿನ್ನನ್ನು ಬಾಗಿಲಲ್ಲೇ ತಡೆಯುತ್ತದೆ.

ನಮ್ಮಲ್ಲೊಂದು ಪದ್ಧತಿಯಿದೆ. ನೀರು ಶುದ್ಧವೆಂದು ಸಹಿ ಹಾಕುವ ಅಧಿಕಾರಿ ಬೀದಿಯವರೆಲ್ಲರ ಮುಂದೆ ಮೊದಲ ಲೋಟ ಕುಡಿಯಬೇಕು. ಮೊನ್ನೆ ನೀರಧಿಕಾರಿ ಸಂಗನಬಸಯ್ಯ ಲೋಟ ಎತ್ತಿದ, ಮೀಸೆ ಒರೆಸಿದ, ಸಹಿ ಹಾಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮಾತ್ರ ರೂಢಿಯಂತೆ ಅವನ ಗಂಟಲು ನೋಡುತ್ತಿದ್ದೆ. ಅದು ಅಲುಗಾಡಲಿಲ್ಲ. ಆಮೇಲೆ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ತನ್ನ ಗಾಡಿಯ ಮರೆಗೆ ಹೋದ. ಬೆನ್ನು ಹತ್ತಿ, ಯಾಕೆ ನುಂಗಲಿಲ್ಲ ಎಂದು ಕೇಳಿದೆ.

"ನಿನ್ನ ಕಣ್ಣೆದುರಿಗೇ ಕುಡದೀನಲ್ಲ ಗೌರಕ್ಕಾ, ಇನ್ನೇನ್ ಸಂಶಯ ನಿನಗ? ನೀರಾಗ ಏನೂ ಇಲ್ಲ. ಇದ್ರೂ ಅದು ನಿಮ್ಮ ಹಿರ್ಯಾರು ಬಿಟ್ಟುಹೋಗಿದ್ದು!"

ಏನೂ ಇಲ್ಲವಂತೆ, ಇದ್ದರೆ ಅದು ನಿಮ್ಮದಂತೆ! ಜಿಲ್ಲಾ ಪ್ರಯೋಗಾಲಯವೂ ಅವನ ಮಾತನ್ನೇ ಹಿಡಿದುಕೊಂಡು, ಹೋಲಿಸಲು ಹಳೆಯ ನೀರಿಲ್ಲದೆ ದೂರು ತೆಗೆದುಕೊಳ್ಳುವುದಿಲ್ಲ ಎನ್ನುತ್ತಿದೆ.

ನಿಜ ಹೇಳಿಬಿಡುತ್ತೇನೆ, ನನಗೆ ನಿಮ್ಮ ಮೇಲೂ ಅನುಮಾನವಿದೆ. ನಮ್ಮಲ್ಲಿ ಉಳಿದಿರುವ ನಿಮ್ಮ ಒಂದೇ ಫೋಟೊದಲ್ಲಿ ಸೆರಗನ್ನು ಗಲ್ಲದವರೆಗೆ ಎಳೆದುಕೊಂಡಿದ್ದೀರಿ. ಚಳಿಗೋ, ಊತ ಮುಚ್ಚಲಿಕ್ಕೋ ತಿಳಿಯದು. ಅದಕ್ಕೇ ಈ ಕೋರಿಕೆ. ಬಾವಿಯಿಂದ ನೀವೇ ಸೇದಿದ ನೀರನ್ನು ಗಾಜಿನ ಬಾಟಲಿಯಲ್ಲಿ ತುಂಬಿ, ಬಾಯಿಗೆ ಮೇಣ ಹಾಕಿ, ತಾರೀಖು ಬರೆದು, ಅಡುಗೆಮನೆಯ ಗೂಡಿನಲ್ಲಿಟ್ಟು ಗೋಡೆ ಮುಚ್ಚಿಸಿ. ಬೇರೆಯವರ ಕೈಗೆ ಕೊಡಬೇಡಿ. ತಪ್ಪು ನಿಮ್ಮ ಕಾಲದ್ದೇ ಆಗಿದ್ದರೂ ಚಿಂತೆಯಿಲ್ಲ, ನನಗೆ ಗೊತ್ತಾಗಬೇಕು.

ನನ್ನ ಮಗಳು ನೀಲಾಂಬಿಕೆ ಈಗ ಮೂರು ತಿಂಗಳ ಬಸುರಿ. ಹೊಟ್ಟೆಯಲ್ಲಿರುವ ಕೂಸಿನ ಮಿದುಳು ಈ ತಿಂಗಳುಗಳಲ್ಲಿ ತಾಯಿಯ ಗ್ರಂಥಿಯನ್ನೇ ನಂಬಿ ಬೆಳೆಯುತ್ತದೆ. ನಿನ್ನೆ ಅವಳ ಕತ್ತು ಮುಟ್ಟಿದೆ. ನನ್ನ ಬೆರಳುಗಳು ಸುಳ್ಳು ಹೇಳಲಿ ಎಂದು ಮೊದಲ ಬಾರಿ ಬೇಡಿಕೊಂಡೆ. ಅವು ಹೇಳಲಿಲ್ಲ.

ಸೋಮವಾರ ಗೂಡು ಒಡೆಯುತ್ತೇನೆ. ಅದೇ ದಿನ ಸಂಗನಬಸಯ್ಯ ಮತ್ತೆ ಬರುತ್ತಾನೆ. ನಿಮ್ಮ ಬಾಟಲಿಯನ್ನು ಎಲ್ಲರ ಮುಂದಿಟ್ಟು, ನಮ್ಮ ನಲ್ಲಿಯ ನೀರನ್ನು ಲೋಟಕ್ಕೆ ತುಂಬಿ ಅವನ ಕೈಗೆ ಕೊಡುತ್ತೇನೆ. ನನ್ನ ಎರಡು ಬೆರಳುಗಳನ್ನು ಅವನ ಗಂಟಲ ಮೇಲಿಡುತ್ತೇನೆ. ಆಮೇಲೆ, ನುಂಗು ಎನ್ನುತ್ತೇನೆ.