ಏನೋ ತಪ್ಪಾಗಿದೆ ಎನ್ನುವ ಬಾಗಿಲು

ಉಷ್ಣನಾಮ ಸಂವತ್ಸರ, ಎರಡನೇ ವೈಶಾಖ, ಬಹುಳ ಇಪ್ಪತ್ತು
ಕಲ್ಲಗುಳಿ, ಬಾಗಿಲ ಹೊರಗಿನಿಂದ

ನಮಗಿಂತ ಬಹಳ ಮೊದಲು ಬಂದು, ಬಹಳ ಬೇಗ ಎದ್ದುಹೋದ ಹಿರಿಯರಿಗೆ,

ಮೇಲಿನ ತಾರೀಖು ನೋಡಿ ಪಂಚಾಂಗ ತೆಗೆಯಬೇಡಿ, ಸಿಗುವುದಿಲ್ಲ. ನಿಮ್ಮ ಅರವತ್ತು ಸಂವತ್ಸರಗಳಲ್ಲಿ ಒಂದಕ್ಕೂ ಈ ಸೆಕೆ ಹೊರುವ ತಾಕತ್ತಿರಲಿಲ್ಲವಾಗಿ ನಮ್ಮವರು ಅರವತ್ತೊಂದನೆಯದನ್ನು ಸೇರಿಸಿಕೊಂಡರು. ನಿಮಗೆ ಅಪರೂಪಕ್ಕೊಮ್ಮೆ ಬರುತ್ತಿದ್ದ ಅಧಿಕ ಮಾಸ ನಮಗೆ ಪ್ರತಿ ವರ್ಷ ಬರುತ್ತದೆ, ಅದೂ ಬೇಸಿಗೆಯಲ್ಲೇ. ಚಂದ್ರ ಧೂಳಿನಲ್ಲಿ ಕಾಣಿಸದ ಕಾರಣ ಪಕ್ಷಕ್ಕೆ ಹದಿನೈದೇ ದಿನ ಎಂಬ ಶಿಸ್ತೂ ಹೋಯಿತು. ನನ್ನ ಮಾತುಗಳೂ ಹೀಗೇ ಲೆಕ್ಕ ತಪ್ಪಿದಂತೆ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕನ್ನಡವನ್ನು ನಾನು ಹಳೆಯ ಗ್ರಂಥಪಾಠ ಎಂದು ಕಲಿತವನು. ಈ ಓಲೆ ಹಿಂದಂಚೆಯಲ್ಲಿ ಬರುತ್ತದೆ. ಹಿಂದಂಚೆ ಎಂದರೆ ಹಿಂದಕ್ಕೆ ಮಾತ್ರ ಹೋಗುವ ಅಂಚೆ. ಉತ್ತರ ತರುವ ಗೋಜು ಅದಕ್ಕಿಲ್ಲ.

ಇದನ್ನು ಬರೆಯುತ್ತಿರುವಾಗ ನಾನು ನಮ್ಮೂರಿನ ಬಾಗಿಲ ಹೊರಗೆ, ಇನ್ನೂ ತಣ್ಣಗಿರುವ ಒಂದು ಬಂಡೆಯ ಮೇಲೆ ಕೂತಿದ್ದೇನೆ. ಕತ್ತಲು ತೆಳುವಾಗುತ್ತಿದೆ. ಬಿಸಿಲು ನೆತ್ತಿಗೇನು, ಮೊಣಕಾಲಿಗೆ ಬರುವುದರೊಳಗೆ ಒಳಗೆ ಹೋಗದಿದ್ದರೆ ನಾನು ಉಳಿಯುವುದಿಲ್ಲ. ಒಳಗಿನಿಂದ ಬಾಗಿಲು ತೆರೆಸಬೇಕಾದವಳು ನನ್ನ ಹೆಂಡತಿ. ಈ ಕೆಲಸಕ್ಕೆ ಅವಳು ನಿಂತಿರುವುದು ಇದೇ ಮೊದಲ ಸಲ. ಬಾಗಿಲು ಅವಳಿಗೆ ಏನು ಹೇಳುತ್ತದೆ ಎಂಬುದು ನಿಮ್ಮ ಕೈಯಲ್ಲಿದೆ. ಆದ್ದರಿಂದ ಈ ಓಲೆ.

ವಿಷಯ ನಿಮಗೆ ಹೊಸದಲ್ಲ. ಮಗಳ ಲಗ್ನಪತ್ರಿಕೆಯನ್ನು ಗಣಕದಲ್ಲಿ ಬರೆದು, 'ಇದೇ ಕೊನೆಯದೇ?' ಎಂದು ಹೆಸರಿಟ್ಟು ಉಳಿಸಲು ಹೋದಿರಿ. ಹೆಸರಿನ ಬಾಲದಲ್ಲಿದ್ದ ಪ್ರಶ್ನಾರ್ಥಕ ಚಿಹ್ನೆ ಅದಕ್ಕೆ ಒಗ್ಗಲಿಲ್ಲ. ಅಷ್ಟು ಹೇಳಿದ್ದರೆ ಬಾಲ ಕತ್ತರಿಸಿ ಊಟಕ್ಕೆ ಹೋಗುತ್ತಿದ್ದಿರಿ. ಅದು ಹೇಳಿದ್ದು 'ಪಥ ಸರಿಯಿಲ್ಲ' ಎಂದು. ಯಾರ ಪಥ? ಬೀಗರದೋ? ನೀವು ಗಣಕ ಆರಿಸಿ ಹೊತ್ತಿಸಿದಿರಿ, ತಂತಿ ಕಿತ್ತು ಮತ್ತೆ ಚುಚ್ಚಿದಿರಿ, ಪಕ್ಕದ ಮೇಜಿನ ಜಾಣರನ್ನು ಕರೆದಿರಿ, ಅವರೂ ಬಂದು ಆರಿಸಿ ಹೊತ್ತಿಸಿದರು. ಆ ಸಂದೇಶ ಬರೆದವರು ಕೆಟ್ಟವರೇನಲ್ಲ. ಯಾವುದೋ ಕಚೇರಿಯಲ್ಲಿ ಒಂದು ಶುಕ್ರವಾರ ಸಂಜೆ, ಸದ್ಯಕ್ಕೆ ಇದಿರಲಿ, ಸೋಮವಾರ ಸರಿಮಾಡೋಣ ಎಂದು ಕುರ್ಚಿ ಬಿಟ್ಟು ಎದ್ದವರು. ಆ ಸೋಮವಾರ ನಮ್ಮ ಕಾಲದವರೆಗೂ ಬಂದಿಲ್ಲ. ನಿಮ್ಮ ಸಾಲುಗಳ ಮೇಲೆ ಮಕ್ಕಳು ಸಾಲು ಕಟ್ಟಿದರು, ಮೊಮ್ಮಕ್ಕಳು ಅದರ ಮೇಲೆ ಕಟ್ಟಿದರು, ಕೊನೆಗೆ ಅದರ ಮೇಲೆ ನಮ್ಮ ಬಾಗಿಲು ನಿಂತಿದೆ. ಅಡಿಯ ಸಾಲಿಗೆ ಕೈ ಹಾಕಿದರೆ ಮೇಲಿನದು ಯಾವುದು ಬೀಳುತ್ತದೋ ಎಂದು ಯಾರೂ ಮುಟ್ಟುವುದಿಲ್ಲ.

ನಮ್ಮ ಊರು ಎಂದರೆ ನಿಮ್ಮ ಮನೆಗಳ ನೆಲಕ್ಕೆಂದು ಹಾಸುಗಲ್ಲು ಕಿತ್ತುಕೊಂಡು ಹೋದ ಗಣಿ. ನೀವು ಹಾಸಿಕೊಂಡಿರಿ, ನಾವು ಹೊದ್ದುಕೊಂಡಿದ್ದೇವೆ. ಗುಳಿಯ ಬಾಯಿಗೆ ಛಾವಣಿ, ಛಾವಣಿಯ ಕೆಳಗೆ ಮುನ್ನೂರು ಮಂದಿ, ಹೋಗಿಬರಲು ಒಂದೇ ಕಲ್ಲಬಾಗಿಲು. ರಾತ್ರಿ ಪಾಳಿಯಲ್ಲಿ ದಿನಕ್ಕೊಬ್ಬ ಮೇಲೆ ಹೋಗಿ, ಬಿಸಿಲನ್ನು ವಿದ್ಯುತ್ತಾಗಿಸುವ ಬಿಸಿಲುಹಲಗೆಗಳ ಧೂಳು ಒರೆಸಿ ಬರುತ್ತಾನೆ. ಒಂದು ರಾತ್ರಿ ಒರೆಸದಿದ್ದರೆ ಮರುದಿನ ತಂಪಿಲ್ಲ. ಬಾಗಿಲನ್ನು ನಾವು ಬಾಗಿಲಮ್ಮ ಎನ್ನುತ್ತೇವೆ. ಅವಳ ಒಳಮೈಯಲ್ಲಿ ಒಂದು ಬಾಯಿಗೂಡು ಇದೆ. ಹೊರಗಿನಿಂದ ಬಂದವನ ಮನೆಯವರೊಬ್ಬರು ಅದರಲ್ಲಿ ಮುಖವಿಟ್ಟು ಬಂದವನ ಹೆಸರು ಹೇಳಬೇಕು. ಆ ಹೆಸರಿನಲ್ಲಿ ಅವತ್ತಿನ ಒಂದು ಕಡತ ಉಳಿದರೆ ಬಾಗಿಲು ಸರಿಯುತ್ತದೆ. ಬೇರೆ ಮನೆಯವರ ದನಿಯನ್ನು ಅವಳು ಒಪ್ಪುವುದಿಲ್ಲ. ಒಡೆದು ತೆರೆಯಬಾರದೇ ಎಂದರೆ, ಒಡೆದ ಬಾಗಿಲು ಮುಚ್ಚುವುದಿಲ್ಲ. ಒಬ್ಬ ಬೇಯುವ ಬದಲು ಎಲ್ಲರೂ ಬೇಯುತ್ತೇವೆ.

ಇನ್ನೊಂದು ಸಂಗತಿ. ಹೆಸರೇ ಕೀಲಿಯಾದ ಮೇಲೆ ನಾವು ಹೆಸರನ್ನು ಬಾಯಲ್ಲಿಟ್ಟುಕೊಂಡು ತಿರುಗುವುದನ್ನು ಬಿಟ್ಟೆವು. ಗಂಡನ ಹೆಸರು ಹೇಳಬಾರದು ಎಂದು ನಿಮ್ಮ ಅಜ್ಜಿಯರು ಪಾಲಿಸಿ, ನಿಮ್ಮ ಹೆಂಡಂದಿರು ಕೈಬಿಟ್ಟ ಪದ್ಧತಿ ನಮ್ಮಲ್ಲಿ ಮರಳಿ ಬಂದು ಗಟ್ಟಿಯಾಗಿ ಕೂತಿದೆ. ಮದುವೆಯ ದಿನ ಒಡಪಿನಲ್ಲಿ, ಎಂದರೆ ಹೆಸರನ್ನು ಹೆಣೆದ ಎರಡು ಸಾಲಿನ ಪದ್ಯದಲ್ಲಿ ಒಮ್ಮೆ, ಗಂಡ ಸತ್ತ ದಿನ ಒಮ್ಮೆ. ನಡುವೆ ಅವನು ಬರೀ ಸರ್ವನಾಮ. ಬಾಗಿಲಲ್ಲಿ ನಿಲ್ಲುವುದು ಯಾವಾಗಲೂ ತಾಯಂದಿರು. ತಾಯಿ ಮಗನ ಹೆಸರು ಹೇಳಲು ಯಾರ ಅಪ್ಪಣೆ ಬೇಕು? ಅವರೂ ಪಿಸುಗುಟ್ಟುತ್ತಾರೆ. ಏನು ಪಿಸುಗುಟ್ಟಿದಿರಿ ಎಂದು ಕೇಳುವುದು ನಮ್ಮಲ್ಲಿ ಸಭ್ಯತೆಯಲ್ಲ.

ಹೋದ ತಿಂಗಳು ಪಕ್ಕದ ಮನೆಯ ಗುರುಬಾಯಿ ಮಗಳ ಬಾಣಂತನಕ್ಕೆಂದು ಬೇರೆ ಗುಳಿಗೆ ಹೋದಳು. ಮನೆಯಲ್ಲಿ ಉಳಿದವರು ಮಗ ಮತ್ತು ಸೊಸೆ ಸುಗಲಾಬಾಯಿ, ಇಬ್ಬರೇ. ಬಾಗಿಲಮ್ಮನಿಗೆ ಏನು ಹೇಳಬೇಕೆಂದು ಸೊಸೆ ಕೇಳಿದ್ದಕ್ಕೆ, ಬಂದವನು ಯಾರಂತ ಹೇಳಿದರೆ ಮುಗೀತು ಎಂದು ಅತ್ತೆ ಗಂಟು ಹೊತ್ತು ನಡೆದಿದ್ದಳು. ಮರುದಿನ ನಸುಕಿನಲ್ಲಿ ಸುಗಲಾಬಾಯಿಯ ಗಂಡ ಹಲಗೆ ಒರೆಸಿ ಬಂದು ಕೋಲಿನಿಂದ ಬಾಗಿಲು ಬಡಿದ. ಅವಳು ಬಾಯಿಗೂಡಿನಲ್ಲಿ ಮುಖವಿಟ್ಟು, ನಾಚಿ, 'ನಮ್ಮ ಮನೆಯವ್ರು' ಎಂದಳು. ಬಂದವನು ಯಾರು ಎಂಬುದಕ್ಕೆ ಅವಳ ಮಟ್ಟಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವಿಲ್ಲ.

ಬಾಗಿಲಮ್ಮ ಹೇಳಿದಳು: "ಉಳಿಸಲಾಗಲಿಲ್ಲ. ಏನೋ ತಪ್ಪಾಗಿದೆ. ಮತ್ತೆ ಪ್ರಯತ್ನಿಸಿ."

ಆ ಮೊದಲ ಪದ ನಿಮ್ಮ ಆಸ್ಪತ್ರೆಗಳಲ್ಲಿ ವೈದ್ಯರು ಹೊರಗೆ ಬಂದು, ಕನ್ನಡಕ ತೆಗೆದು, ನೆಲ ನೋಡಿಕೊಂಡು ಹೇಳುತ್ತಿದ್ದ ಪದ ಎಂದು ಓದಿದ್ದೇನೆ. ಕಡತದ ಮಾತೋ ಮನುಷ್ಯನ ಮಾತೋ ಬಾಗಿಲಮ್ಮ ಬಿಡಿಸಿ ಹೇಳಲಿಲ್ಲ. ಸುಗಲಾಬಾಯಿ ಮತ್ತೆ ಪ್ರಯತ್ನಿಸಿದಳು. ಮತ್ತೆ ಪ್ರಯತ್ನಿಸಿ ಎಂದರೆ ಪಾಪ, ಮತ್ತೆ ಅದನ್ನೇ ಹೇಳುವುದು ಎಂದುಕೊಂಡಳು. ಮೂರನೆಯ ಸಲಕ್ಕೆ ಅವಳ ಕೂಗು ಕೇಳಿ ನಾವೆಲ್ಲ ಮೆಟ್ಟಿಲೇರಿ ಬಂದೆವು.

ನಿಮ್ಮಲ್ಲಿ ಜೋಶಿಗಳಿದ್ದರಂತೆ, ನಮ್ಮಲ್ಲಿ ದೋಷಿಗಳಿದ್ದಾರೆ. ಬಾಗಿಲಮ್ಮ ತಪ್ಪಾಗಿದೆ ಎಂದಾಗ ಯಾವ ತಪ್ಪು ಎಂದು ಬಿಡಿಸಿ ಹೇಳುವುದು ಅವರ ವೃತ್ತಿ. ಮಲ್ಹಾರಿ ದೋಷಿ ಬಂದು ಗದ್ದ ನೀವಿಕೊಂಡು, ಬಾಯಿಗೂಡಿನಲ್ಲಿ ಧೂಳು ಕೂತಿರಬೇಕು ಎಂದ. ಒದ್ದೆ ಬಟ್ಟೆಯಿಂದ ಒರೆಸಿದೆವು. ಅದೇ ಮಾತು. ಮನೆದೇವರಿಗೆ ನಡೆದುಕೊಂಡಿಲ್ಲವೇನೋ ಎಂದರು ಯಾರೋ. ಸೆರಗಿನ ಚೂರು ಹರಿದು ತಪ್ಪುಕಾಣಿಕೆಯ ಗಂಟು ಕಟ್ಟಿ ಬಾಗಿಲಿಗೆ ಸಿಕ್ಕಿಸಿದೆವು. ಅದೇ ಮಾತು. ಉಸಿರು ಬಿಸಿಯಾಗಿದೆ, ನೀರು ಕುಡಿದು ಹೇಳಲಿ ಎಂದ ಒಬ್ಬ. ಒಂಟಿಕಾಲಲ್ಲಿ ನಿಂತು ಹೇಳಲಿ ಎಂದ ಇನ್ನೊಬ್ಬ, ಅವನ ಚಿಕ್ಕಪ್ಪನಿಗೆ ಒಮ್ಮೆ ಹಾಗೆ ತೆರೆದಿತ್ತಂತೆ. ಸುಗಲಾಬಾಯಿ ಎಲ್ಲವನ್ನೂ ಮಾಡಿದಳು. ಹೊರಗೆ ಕೋಲು ಬಡಿಯುತ್ತಲೇ ಇತ್ತು. ಮೊದಮೊದಲು ಆ ಬಡಿತದಲ್ಲಿ ಗಂಡಂದಿರಿಗೆ ಸಹಜವಾದ ಸಿಟ್ಟಿತ್ತು. ಆಮೇಲೆ ಸಿಟ್ಟು ಹೋಗಿ ಅವಸರ ಬಂತು. ಬಾಗಿಲಿಗೆ ಅಂಗೈ ಊರಿ ನಿಂತಿದ್ದ ಅವಳು ಕೈ ಹಿಂದಕ್ಕೆ ತೆಗೆದು ನೋಡಿಕೊಂಡಳು. ಕಲ್ಲು ಬೆಚ್ಚಗಾಗತೊಡಗಿತ್ತು.

ಆಗ ಹಿರಿಯಳಾದ ಕಾಶಮ್ಮ ಸಭ್ಯತೆಯನ್ನು ಬದಿಗಿಟ್ಟು ಅವಳ ಕಿವಿಯಲ್ಲಿ, ಏನಂತ ಹೇಳಿದೆ ಎಂದು ಕೇಳಿದಳು. ಉತ್ತರ ಕೇಳಿ, ಅಯ್ಯ ಹುಚ್ಚಿ, ಹೆಸರು ಹೇಳಬೇಕು ಎಂದಳು. ಮುನ್ನೂರು ಮಂದಿಯ ಮುಂದೆ ಗಂಡನ ಹೆಸರು. ಸುಗಲಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒಡಪಿನಾಗ ಇಟ್ಟು ಹೇಳು, ಹಂಗಾದರ ದೋಷ ಇಲ್ಲ ಎಂದು ಕಾಶಮ್ಮನೇ ದಾರಿ ತೋರಿಸಿದಳು. ಮದುವೆಯ ದಿನದ ಒಡಪನ್ನೇ ಅವಳು ಹೇಳಿದಳು:

"ಜ್ವಾಳದ ರೊಟ್ಟಿಗಿ ಎಣ್ಣಿಗಾಯಿ ಚೆಂದ,
ರೇವಣಸಿದ್ಧರ ಹೆಸರು ನನ್ನ ಬಾಳಿಗಿ ಅಂದ."

ಜೋಳವನ್ನು ಕಣ್ಣಿಂದ ಕಂಡವರು ನಮ್ಮ ಗುಳಿಯಲ್ಲಿ ಯಾರೂ ಇಲ್ಲ. ಆದರೂ ಹೆಸರು ಬಂತಲ್ಲ ಎಂದು ಎಲ್ಲರೂ ಉಸಿರು ಬಿಟ್ಟೆವು.

"ಉಳಿಸಲಾಗಲಿಲ್ಲ. ಏನೋ ತಪ್ಪಾಗಿದೆ. ಮತ್ತೆ ಪ್ರಯತ್ನಿಸಿ."

ಹಿರಿಯರೇ, ನನ್ನ ಓಲೆಯಲ್ಲಿ ನೀವು ಒಂದೇ ಕಡೆ ನಿಂತು ಓದುವುದಾದರೆ ಇಲ್ಲಿ ನಿಲ್ಲಿ. ಮೊದಲು ಹೇಳಿದ್ದು ಹೆಸರೇ ಅಲ್ಲ. ಈಗ ಹೇಳಿದ್ದರಲ್ಲಿ ಹೆಸರಿತ್ತು, ಆದರೆ ರೊಟ್ಟಿ ಎಣ್ಣೆಗಾಯಿ ಸಮೇತ ಇಡೀ ಒಡಪನ್ನೇ ಹೆಸರೆಂದು ತಿಳಿದು ಬಾಗಿಲಮ್ಮ ತಳ್ಳಿಹಾಕಿದಳು. ಎರಡು ಬೇರೆ ತಪ್ಪು, ಉತ್ತರ ಒಂದೇ. ಹೆಸರು ಉದ್ದವಾಯಿತು ಎಂದಿದ್ದರೆ ಅಲ್ಲಿದ್ದ ಕೂಸಿಗೂ ಅರ್ಥವಾಗುತ್ತಿತ್ತು. ಬದಲಿಗೆ ಮಲ್ಹಾರಿ ದೋಷಿ ಕೈಯೆತ್ತಿ, ಹೆಸರೂ ಹೇಳಿ ಆಯಿತು, ಆದ್ದರಿಂದ ತಪ್ಪು ಹೆಸರಿನದಲ್ಲ ಎಂದು ತೀರ್ಮಾನ ಕೊಟ್ಟ. ತರ್ಕದಲ್ಲಿ ಕುಂದಿರಲಿಲ್ಲ. ಕಾಶಮ್ಮನೂ ತಲೆಯಾಡಿಸಿದಳು, ನಾನೂ ತಲೆಯಾಡಿಸಿದೆ. ಸರಿಯಾದ ದಾರಿಯಲ್ಲಿ ಒಂದೇ ಹೆಜ್ಜೆ ಬಾಕಿಯಿರುವಾಗ ಊರಿಗೆ ಊರೇ ಹಿಂದಿರುಗಿ, ಮತ್ತೆ ಒದ್ದೆ ಬಟ್ಟೆ ತಂದು, ಬಾಯಿಗೂಡನ್ನು ತಿಕ್ಕತೊಡಗಿತು.

ಬಡಿತಗಳ ನಡುವೆ ಬಿಡುವು ಹೆಚ್ಚಿತು. ಆಮೇಲೆ ಕೋಲಿನ ಸದ್ದಲ್ಲ, ಕೈಯ ಸದ್ದು. ಆಮೇಲೆ ಅದೂ ಇಲ್ಲ. ಬಟ್ಟೆ ತಿಕ್ಕುತ್ತಿದ್ದವನು ತಿಕ್ಕುವುದನ್ನು ನಿಲ್ಲಿಸಿದ. ಹೆಂಗಸರು ಸುಗಲಾಬಾಯಿಯ ಭುಜ ಹಿಡಿದರು. ಇನ್ನು ಹೆಸರು ಹೇಳಿ ಅತ್ತುಬಿಡು ಎಂದು ಕಾಶಮ್ಮ ಮೆಲ್ಲಗೆ ಹೇಳಿದಳು, ಗಂಡ ಸತ್ತವರಿಗೆ ಹೇಳುವ ದನಿಯಲ್ಲಿ. ಸುಗಲಾಬಾಯಿ ಅವರ ಕೈಗಳನ್ನು ಕೊಡವಿ, ಬಾಯಿಗೂಡಿನ ಸುಡುತ್ತಿದ್ದ ಕಲ್ಲಿಗೆ ಕೆನ್ನೆ ಒತ್ತಿದಳು. ಬಾಗಿಲಮ್ಮನಿಗಲ್ಲ, ಆಚೆಗಿದ್ದವನಿಗೆ ಹೇಳಿದಳು. "ರೇವಣಸಿದ್ಧ" ಎಂದಳು. ಮುಂದೆ ಏನೋ ಹೇಳುವವಳಿದ್ದಳು, ಗಂಟಲು ಕಟ್ಟಿತು. ಅವಳ ಗಂಟಲು ಕಟ್ಟಿದ್ದೇ ಪುಣ್ಯ. ಒಂದು ಮಾತು ಹೆಚ್ಚಾಗಿದ್ದರೂ ಹೆಸರು ಮತ್ತೆ ಕೆಡುತ್ತಿತ್ತು.

"ಉಳಿಸಲಾಗಿದೆ" ಎಂದಳು ಬಾಗಿಲಮ್ಮ, ಏನೂ ನಡೆದೇ ಇಲ್ಲವೆಂಬಂತೆ.

ಅವನು ಬದುಕಿದ. ಒಂದು ಕಣ್ಣು ಹೋಯಿತು. ಅಂಗೈಗಳ ಚರ್ಮ ಇನ್ನೂ ಕೂಡಿಲ್ಲ. ಕೆಲವು ದಿನಗಳಾದ ಮೇಲೆ ಮಲ್ಹಾರಿ ದೋಷಿ ಯೋಗಕ್ಷೇಮ ಕೇಳಲು ಹೋದಾಗ ಸುಗಲಾಬಾಯಿ ಅವನಿಗೆ ಕೂರಲು ಮಣೆಯನ್ನೂ ಕೊಡದೆ ಹೇಳಿದಳು:

"ಹೆಸರು ಸರಿಯಿಲ್ಲ ಅಂತ ಒಂದ ಮಾತು ಅಂದಿದ್ದರ, ನಾ ನಾಚಿಕಿ ಗಂಟು ಕಟ್ಟಿ ಅಟ್ಟದ ಮ್ಯಾಲ ಇಟ್ಟು ಆಗಲೇ ಹೇಳ್ತಿದ್ದೆ ನೋಡ್ರಿ. ನಿಮ್ಮ ಬಾಗಿಲಮ್ಮಗ ನನಗಿಂತ ನಾಚಿಕಿ ಜಾಸ್ತಿ."

ಇಷ್ಟಕ್ಕೇ ಮುಗಿದಿದ್ದರೆ ನಾನು ಹೆದರುತ್ತಿರಲಿಲ್ಲ. ಆದರೆ ಬಾಗಿಲು ತೆರೆದದ್ದು ಯಾವುದರಿಂದ ಎಂದು ಬಾಗಿಲಮ್ಮ ಹೇಳಲಿಲ್ಲವಲ್ಲ. ಹೀಗಾಗಿ ಒರೆಸಿದವರು ಒರೆಸಿದ್ದರಿಂದ ಎನ್ನುತ್ತಾರೆ, ಗಂಟು ಕಟ್ಟಿದವರು ಗಂಟಿನಿಂದ ಎನ್ನುತ್ತಾರೆ, ಒಂಟಿಕಾಲಿನವನಂತೂ ಈಗ ಎರಡು ಕಾಲೂ ನೆಲಕ್ಕೆ ಹಚ್ಚುತ್ತಿಲ್ಲ. ಎಲ್ಲವನ್ನೂ ಕೂಡಿಸಿ ಒಂದು ವಿಧಿಯೇ ಆಗಿದೆ. ಬಡಿತ ಕೇಳಿದ ಕೂಡಲೇ ಮೊದಲು ಒರೆಸುವುದು, ಆಮೇಲೆ ಗಂಟು, ಆಮೇಲೆ ನೀರು, ಆಮೇಲೆ ಕಾಲು. ಹೆಸರು ಆ ವಿಧಿಯಲ್ಲಿ ಸೇರಿಲ್ಲ. ಅದು ತಪ್ಪಲ್ಲವೆಂದು ತೀರ್ಮಾನವಾಗಿದೆ.

ನಮ್ಮ ಮನೆಯಲ್ಲಿ ಇಷ್ಟು ದಿನ ಅವ್ವ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಮೊಣಕಾಲು ಹಿಡಿದು ಈಗ ಮೆಟ್ಟಿಲು ಹತ್ತಲಾರಳು. ನಿನ್ನೆ ಪಾಳಿಗೆ ಹೊರಡುವ ಮುಂಚೆ ನನ್ನ ಹೆಂಡತಿಯನ್ನು ಕೂರಿಸಿಕೊಂಡು, ಬರೀ ಹೆಸರು ಹೇಳು, ಹಿಂದೆ ಮುಂದೆ ಏನೂ ಬೇಡ ಎಂದು ತಿಳಿಸಿ ಹೇಳಿದೆ. ಅವಳು ಕಿವಿಯವರೆಗೆ ಕೆಂಪಾಗಿ, ಸುಗಲಾಬಾಯಿಯ ಗಂಡನ ಹೆಸರು ಊರೆಲ್ಲ ಕೇಳಿದ್ದು ಸಾಲದೇ ಎಂದಳು. ಬಹಳ ಹೊತ್ತಿನ ಮೇಲೆ ಒಪ್ಪಿದಳು, ಒಂದು ಷರತ್ತಿನ ಮೇಲೆ: "ಮೊದಲ ಎಲ್ಲಾರು ಮಾಡೂದು ಮಾಡ್ತೀನ್ರಿ. ಅದಕ್ಕೂ ತೆರೀಲಿಲ್ಲಂದ್ರ ಕಡೀಕ ಹೇಳ್ತೀನಿ." ಕಡೆಗೆ ಎಂದರೆ ಯಾವಾಗ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವಳು ಕಡೆಗೆ ಹೇಳುವ ಹೆಸರೂ ಬಾಗಿಲಮ್ಮನಿಗೆ ಹಿಡಿಸುತ್ತದೆಂದು ಏನು ಖಾತರಿ? ದನಿ ನಡುಗಿದರೆ, ಮರ್ಯಾದೆಗೆ ಒಂದು 'ಅವರು' ಅಂಟಿಕೊಂಡರೆ, ಆಗಲೂ ಬರುವುದು ಅದೇ ಏನೋ, ಅದೇ ತಪ್ಪು. ಅವಳು ಮತ್ತೆ ಬಟ್ಟೆ ಹುಡುಕುತ್ತಾಳೆ.

ನಿಮ್ಮಿಂದ ನಾನು ತಂಪು ಕೇಳುತ್ತಿಲ್ಲ, ಮಳೆ ಕೇಳುತ್ತಿಲ್ಲ. ಅದನ್ನು ಕೇಳಿ ಕೇಳಿ ಸುಸ್ತಾದವರ ಓಲೆಗಳು ನಿಮಗೆ ಬೇಕಾದಷ್ಟು ಬಂದಿರಬಹುದು. ನಾನು ಕೇಳುವುದು ಒಂದೇ ಸಾಲು. ಶುಕ್ರವಾರ ಸಂಜೆ ಕುರ್ಚಿ ಬಿಡುವ ಮುಂಚೆ, 'ಏನೋ' ಎಂದು ಬರೆದ ಕಡೆ ಏನೆಂದು ಬರೆಯಿರಿ. ಈ ಹೆಸರು ನನ್ನ ಪಟ್ಟಿಯಲ್ಲಿಲ್ಲ ಎನ್ನಿ. ಹೆಸರು ಉದ್ದವಾಯಿತು ಎನ್ನಿ. ಹೆಸರೊಂದನ್ನೇ ಹೇಳು ತಾಯಿ ಎನ್ನಿ. ಹಿಂದಂಚೆ ಉತ್ತರ ತರುವುದಿಲ್ಲ ಎಂದೆನಲ್ಲ, ಚಿಂತೆಯಿಲ್ಲ. ನೀವು ಬರೆದಿದ್ದರೆ ಅದು ನನಗೆ ಬಾಗಿಲಮ್ಮನ ಬಾಯಿಂದಲೇ ಕೇಳಿಸುತ್ತದೆ.

ಮೂಡಣ ಕೆಂಪಾಯಿತು. ಕೂತ ಬಂಡೆ ಬೆಚ್ಚಗಾಗುತ್ತಿದೆ, ಎದ್ದು ನಿಂತು ಬರೆಯುತ್ತಿದ್ದೇನೆ. ಆಗಲೇ ಬಡಿದೆ. ಒಳಗೆ ಅವಳು ಬಂದಿದ್ದಾಳೆ, ಕಲ್ಲಿಗೆ ಒದ್ದೆ ಬಟ್ಟೆ ತಿಕ್ಕುವ ಸದ್ದು ಕೇಳುತ್ತಿದೆ. ನಿಧಾನದ ಕೈ ಅವಳದು, ಮನೆಯಲ್ಲಿ ಅದನ್ನು ಆಡಿಕೊಂಡು ನಗುತ್ತಿದ್ದೆ. ಈ ಓಲೆಯನ್ನು ಈಗಲೇ ಬಿಡುತ್ತೇನೆ. ಅವಳು ಒರೆಸಿ, ಗಂಟು ಕಟ್ಟಿ, ನೀರು ಕುಡಿದು, ಕಾಲೆತ್ತಿ, ಬಾಗಿಲಮ್ಮನಿಗೆ ಮೊದಲ ಮಾತು ಹೇಳುವವರೆಗೆ ನಿಮಗೆ ಸಮಯವಿದೆ. ನನಗೂ ಅಷ್ಟೇ ಇದೆ.

ನಿಮ್ಮವನು