ಸೂಜಿದಾರಕ್ಕೊಂದು ‘ಇಲ್ಲ’

ಫೆಬ್ರವರಿ 12, ಗುರುವಾರ. ಬೆಳಿಗ್ಗೆ 11

ಎರಡು ಪ್ಯಾಂಟ್ ಉದ್ದ ಕಡಿಮೆ ಮಾಡಿದೆ. ಒಂದು ಜಿಪ್ ಬದಲಾಯಿಸಿದೆ. ಇವರಿಗೆ ಶೇವ್ ಮಾಡುವಾಗ ಗಲ್ಲದ ಕೆಳಗೆ ಸ್ವಲ್ಪ ಗಾಯ... ನನ್ನದೇ ಅವಸರ.

ಥೆರಪಿಸ್ಟ್‌ಗೆ ತೋರಿಸುವ ನೋಟ್‌ಬುಕ್ಕಿನಲ್ಲಿ ಬರೆದಾಯಿತು: ಹೊಸ ಮಾತು ಸೊನ್ನೆ. ಸ್ಟ್ರೋಕ್ ಆಗಿ ಏಳು ತಿಂಗಳು. ಓದಿದ್ದು, ಕೇಳಿದ್ದು ಎಲ್ಲ ಅರ್ಥವಾಗುತ್ತದೆ. ಅಕ್ಷರ ನೋಡಿ ನಕಲು ಮಾಡಬಲ್ಲರು, ತಾವಾಗಿ ಬರೆಯಲು ಬರುವುದಿಲ್ಲ. ಮಾತೂ ಒಂದೇ ಉಳಿದಿದೆ — ಹೌದು. ನೀರು ಬೇಕಾ? ಹೌದು. ಬೇಡವಾ? ಹೌದು. ಮನಸ್ಸಿನಲ್ಲಿ ಇಲ್ಲ ಎಂದೇ ಇರುತ್ತದೆ, ಬಾಯಿಗೆ ಬರುವಾಗ ಹೌದು ಆಗಿಬಿಡುತ್ತದೆ. ಅದಕ್ಕೆ ಥೆರಪಿಸ್ಟ್ ಹುಡುಗಿ ಒಂದು ದೊಡ್ಡ ಹೆಸರು ಹೇಳಿದಳು. ತಲೆಯಲ್ಲಿ ನಿಲ್ಲಲಿಲ್ಲ.

ಈಗ ಬರೆಯುತ್ತಿರುವ ಈ ನೋಟ್‌ಬುಕ್ ಬೇರೆ, ಇದು ನನ್ನದು. ಇದನ್ನು ಯಾರಿಗೂ ತೋರಿಸುವುದಿಲ್ಲ.

ಇವತ್ತಿನ ಖುಷಿ: ಇವರು ತಾವಾಗಿಯೇ ಫೋನ್ ಎತ್ತಿದರು! ನಾನು ಮಷಿನ್ ತುಳಿಯುತ್ತಿದ್ದೆ. ಒಳಕೋಣೆಯಿಂದ ಕೇಳಿಸಿತು. ಹೌದು. ಹೌದು. ಸ್ವಲ್ಪ ಬಿಟ್ಟು, ಹೌದು. ಏನು ಗತ್ತು! ಯಾರೋ ಹಳೇ ಗಿರಾಕಿ ಇರಬೇಕು. ನನ್ನ ಕಿವಿಯೆಲ್ಲ ಆ ಕಡೆಗೇ. ಹೊಲಿಗೆ ಒಂದು ಇಂಚು ಪಕ್ಕಕ್ಕೆ ಹೋಗಿತ್ತು. ಬಿಚ್ಚಿ ಮತ್ತೆ ಹೊಲಿದೆ, ಬೇಜಾರಿಲ್ಲದೆ.

ಫೆಬ್ರವರಿ 16, ಸೋಮವಾರ. ಮಧ್ಯಾಹ್ನ

ಮಷಿನ್ ಮುಚ್ಚಿಟ್ಟು ಬರೆಯಲು ಕೂತಿದ್ದೇನೆ.

ನಾದಿನಿ ಬಂದಿದ್ದಳು. ಅಣ್ಣನ ಮೇಲ್ ನೋಡಿಕೊಡುವವಳು ಅವಳೇ. ಅದೂ ಇದೂ ಹರಟುತ್ತಾ ಒಂದೊಂದೇ ತೆರೆಯುತ್ತಿದ್ದವಳು ತಟ್ಟನೆ ಸುಮ್ಮನಾದಳು. ಅವಳ ಬಾಯಿ ನಿಂತಿತು ಅಂದರೆ ವಿಷಯ ಸಣ್ಣದಲ್ಲ.

“ಅತ್ತಿಗೆ, ಸೂಜಿದಾರ ನಮ್ಮ ಕೈ ತಪ್ಪಿ ಹೋಗ್ತಾ ಇದೆ.”

ಸೂಜಿದಾರ ಇವರ ವೆಬ್‌ಸೈಟಿನ ಹೆಸರು. ಹೊಲಿಗೆ ಮಷಿನ್ ರಿಪೇರಿ ಬಗ್ಗೆ ಹದಿನಾಲ್ಕು ವರ್ಷ ಕೂತು ಮಾಡಿದ್ದು. ಒಂದೊಂದು ಮಾಡೆಲ್‌ಗೂ ಕೈಯಲ್ಲಿ ಬರೆದ ಚಿತ್ರ. ಈಗಲೂ ಆ ಹೆಸರಿನ ವಿಳಾಸಕ್ಕೆ ದಿನಾ ನಾಲ್ಕೈದು ಪತ್ರ ಬರುತ್ತವೆ. ದಾರ ಯಾಕೆ ಕಡಿಯುತ್ತದೆ, ಚಕ್ರ ಯಾಕೆ ಬಿಗಿಯಾಗಿದೆ. ಇವರು ಚಿತ್ರ ಬರೆದು ಉತ್ತರ ಕೊಡುತ್ತಾರೆ. ಯಾವ ಸ್ಕ್ರೂ, ಯಾವ ಕಡೆಗೆ, ಎಷ್ಟು ಸುತ್ತು. ಆ ಒಂದು ಗಂಟೆ ಇವರು ರೋಗಿ ಅಲ್ಲ, ಮೇಷ್ಟ್ರು. ಅದೂ ಹೋದರೆ ಇವರಿಗೆ ಉಳಿದಿರುವ ಬಾಯಿಯೂ ಹೋದ ಹಾಗೆ.

ಆಗಿದ್ದು ಇಷ್ಟು. ‘ನಿಮ್ಮ ವೆಬ್‌ಸೈಟ್ ಹೆಸರಿನ ಅವಧಿ ಮುಗಿಯುತ್ತಿದೆ, ಉಳಿಸಿಕೊಳ್ಳಲು ಇಲ್ಲಿ ಒತ್ತಿ’ ಅಂತ ಒಂದು ಮೇಲ್. ಹೆಸರು ನೋಂದಾಯಿಸಿದ ಕಂಪನಿಯದೇ ಅನ್ನಿಸುವ ವಿಳಾಸ, ಒಂದು ಅಕ್ಷರ ಮಾತ್ರ ಬೇರೆ. ಇವರು ಗಾಬರಿಯಾಗಿ ಒತ್ತಿದ್ದಾರೆ. ಚೀಟಿ ನೋಡಿಕೊಂಡು ಪಾಸ್‌ವರ್ಡ್ ಕೊಟ್ಟಿದ್ದಾರೆ. ಆಮೇಲೆ ಕಂಪನಿಯ ಹೆಸರು ಹೇಳಿಕೊಂಡು ಆ ಕಳ್ಳರದೇ ಫೋನ್ ಬಂದಿದೆ. ಒಪ್ಪಿಗೆನಾ ಸರ್? ಹೌದು. ಹೌದು. ಹೌದು.

ನಾನು ಕೇಳಿ ಹಿಗ್ಗಿದ್ದು ಅದೇ ಫೋನ್. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಕಳ್ಳರು ಆ ಪಾಸ್‌ವರ್ಡ್‌ನಿಂದ ಒಳಗೆ ಹೋಗಿ, ಹೆಸರು ಬೇರೆಡೆ ಹೋಗದಂತೆ ಕಂಪನಿ ಹಾಕಿದ್ದ ಬೀಗ ತೆಗೆದು, ಬೇರೆ ಕಂಪನಿಗೆ ಸಾಗಿಸಲು ಅರ್ಜಿ ಹಾಕಿದ್ದಾರೆ. ಶುಕ್ರವಾರ ಸಂಜೆ ಹೋಗುತ್ತದೆ. ಅಷ್ಟರೊಳಗೆ ತಡೆಯಬೇಕು.

“ಆಮೇಲೆ ಅದೇ ಹೆಸರಲ್ಲಿ ಅಂಗಡಿ ತೆಗೆದು, ಅಣ್ಣನ್ನ ನಂಬಿದವ್ರಿಗೆಲ್ಲ ಟೋಪಿ ಹಾಕ್ತಾರೆ,” ಅಂದಳು ನಾದಿನಿ. ಇವರು ಕೇಳಿಸಿಕೊಂಡರು. ಊಟ ಮುಟ್ಟಲಿಲ್ಲ.

ಫೆಬ್ರವರಿ 17, ಮಂಗಳವಾರ. ಬೆಳಿಗ್ಗೆ

ಕಂಪನಿಯ ಹೆಲ್ಪ್‌ಲೈನ್. ನಲವತ್ತು ನಿಮಿಷ ಕಾದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

“ಹೆಸರು ಸರ್ ಹೆಸರಲ್ಲಿದೆ ಮೇಡಂ. ಅವರೇ ಹೇಳ್ಬೇಕು.”

“ಅವರಿಗೆ ಮಾತು ಬರಲ್ಲಮ್ಮ. ನಾನು ಅವರ ಹೆಂಡತಿ.”

“ಹೆಂಡತಿ ಅಂತ ಹೇಳ್ಕೊಂಡು ಕಳ್ಳರೂ ಫೋನ್ ಮಾಡ್ತಾರೆ ಮೇಡಂ.”

ಮೈ ಉರಿಯಿತು. ಆಮೇಲೆ ಅನ್ನಿಸಿತು, ಅವಳು ಹೇಳುವುದು ಸರಿಯೇ. ಡಾಕ್ಟರ್ ಪತ್ರ ಕಳಿಸಬಹುದಂತೆ, ನೋಡಲು ಹತ್ತು ದಿನ ಬೇಕಂತೆ. ಅಷ್ಟು ದಿನ ಎಲ್ಲಿದೆ?

ಅವಳು ಇವರನ್ನೇ ಕೇಳಬೇಕಾದ ಪ್ರಶ್ನೆ ಎರಡೇ. ಈ ಹೆಸರು ನಿಮ್ಮದಾ? ಬೇರೆಯವರಿಗೆ ಕೊಡೋಕೆ ಒಪ್ಪಿದ್ದೀರಾ? ಒಂದಕ್ಕೆ ಹೌದು, ಒಂದಕ್ಕೆ ಇಲ್ಲ. ಪಕ್ಕದಿಂದ ಯಾರೂ ಹೇಳಿಕೊಡುವ ಹಾಗಿಲ್ಲ.

ಇವರ ಕೈಗೆ ಫೋನ್ ಕೊಟ್ಟೆ. ಎರಡಕ್ಕೂ ಹೌದು ಅಂದರು.

“ಪ್ರಶ್ನೆನೇ ತಿರುಗಿಸಿ ಕೇಳಮ್ಮ, ಹೌದು ಅಂದ್ರೆ ಸರಿ ಆಗೋ ಹಾಗೆ.”

“ಎಲ್ಲದಕ್ಕೂ ಹೌದು ಅಂದ್ರೆ ನಂಗೇನು ಗೊತ್ತಾಗುತ್ತೆ ಮೇಡಂ?” ಅವಳ ದನಿ ಮೆತ್ತಗಾಯಿತು. “ಶುಕ್ರವಾರ ಹತ್ತು ಗಂಟೆಗೆ ನಾನೇ ಫೋನ್ ಮಾಡ್ತೀನಿ. ಅದೇ ಕೊನೆ ಸಲ.”

ಸಂಜೆ 6

‘ಇಲ್ಲ’ ಅನ್ನುವ ಪ್ರಾಕ್ಟೀಸ್ ಶುರು.

ನಾನು ಚೆನ್ನಾಗಿ ಹಾಡ್ತೀನಾ? ಹೌದು. ಸುಳ್ಳುಗಾರ.

ನಿಮ್ಮ ತಂಗಿ ಕಡಿಮೆ ಮಾತಾಡ್ತಾಳಾ? ಹೌದು — ಅಂದು ತಾವೇ ನಕ್ಕರು.

ನಾನು ದಪ್ಪ ಆಗಿದ್ದೀನಾ? ಹೌದು. ಇದು ಬಾಯಿ ತಪ್ಪಿ ಬಂದದ್ದೋ, ನಿಜವೋ... ಕೇಳಲು ಹೋಗಲಿಲ್ಲ.

ಫೆಬ್ರವರಿ 19, ಗುರುವಾರ. ಮಧ್ಯಾಹ್ನ 3

ನಿನ್ನೆ ಬರೆಯಲಿಲ್ಲ. ಬರೆಯಲು ಮುಖ ಇರಲಿಲ್ಲ.

ನಿನ್ನೆ ಬೆಳಿಗ್ಗೆಯಿಂದ ಕೇಳಿ ಕೇಳಿ ಸುಸ್ತಾಗಿತ್ತು. ಪ್ರಶ್ನೆಗಳೂ ಮುಗಿದಿದ್ದವು. ತಮಾಷೆಗೆ ಶುರು ಮಾಡಿ ಕೇಳಬಾರದ್ದನ್ನು ಕೇಳಿಬಿಟ್ಟೆ.

“ನನ್ನ ಕಟ್ಕೊಂಡಿದ್ದು ತಪ್ಪಾಯ್ತು ಅನ್ಸುತ್ತಾ?”

ಹೌದು.

ಗೊತ್ತು. ಎಲ್ಲದಕ್ಕೂ ಬರುವ ಮಾತೇ ಅದು. ಗೊತ್ತಿದ್ದೂ ಕಣ್ಣು ತುಂಬಿತು. ಇವರು ನೋಡಿಬಿಟ್ಟರು. ತಮ್ಮ ಬಾಯಿಗೆ ತಾವೇ ಹೊಡೆದುಕೊಂಡರು. ಒಂದು ಸಲ. ಇನ್ನೊಂದು ಸಲ. ಕೈ ಹಿಡಿದು ನಿಲ್ಲಿಸಿದೆ. ಇಬ್ಬರೂ ಅತ್ತೆವು, ಚಿಕ್ಕ ಮಕ್ಕಳ ಹಾಗೆ. ಮೂವತ್ತೊಂದು ವರ್ಷ ಜೊತೆಗೆ ಬಾಳಿದ್ದೇನೆ. ಈ ಮನುಷ್ಯ ನನಗೆ ಇಷ್ಟು ಬೇಕು ಅಂತ ಗೊತ್ತಾಗಿದ್ದು ನಿನ್ನೆ.

ಇವತ್ತು ಥೆರಪಿಸ್ಟ್ ಬಂದಾಗ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

“ಆಂಟಿ, ತಪ್ಪು ಹೇಳ್ದೆ ಅಂತ ಅವರಿಗೇ ಗೊತ್ತಾಯ್ತಲ್ಲ, ಅದು ಎಷ್ಟು ದೊಡ್ಡದು ಗೊತ್ತಾ? ಇನ್ನು ಪ್ರಶ್ನೆ ಕೇಳ್ಬೇಡಿ. ಅಂಕಲ್, ಹೌದು ಬರೋಕೆ ಮುಂಚೆ ಬಾಯಿ ಮುಚ್ಚಿ. ಉಸಿರು ಎಳ್ಕೊಳ್ಳಿ. ಆಮೇಲೆ ಮಾತು.”

ಆಮೇಲೆ ಒಂದು ಪ್ರಶ್ನೆಯೂ ಕೇಳಲಿಲ್ಲ. ಇವರು ಮೂರು ಪತ್ರಕ್ಕೆ ಚಿತ್ರ ಬರೆದರು. ಒಂದೊಂದು ಗೆರೆ ಎಳೆಯುವ ಮೊದಲೂ ಬಾಯಿ ಮುಚ್ಚಿ ಉಸಿರು ಎಳೆದುಕೊಳ್ಳುತ್ತಿದ್ದರು. ನೋಡದ ಹಾಗೆ ಗುಂಡಿ ಹಾಕುತ್ತಾ ಕೂತೆ.

ಫೆಬ್ರವರಿ 20, ಶುಕ್ರವಾರ. ಬೆಳಿಗ್ಗೆ 10.40

ಮುಖ ತೊಳೆದು ಬಂದು ಬರೆಯುತ್ತಿದ್ದೇನೆ.

ಸರಿಯಾಗಿ ಹತ್ತಕ್ಕೆ ಫೋನ್. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಒಂದು ಪಕ್ಕ ನಾನು, ಇನ್ನೊಂದು ಪಕ್ಕ ನಾದಿನಿ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು.

“ಸರ್, ಸೂಜಿದಾರ ಅನ್ನೋ ಹೆಸರು ನಿಮ್ಮದಾ?”

“ಹೌದು.”

“ಅದನ್ನ ಬೇರೆಯವರಿಗೆ ಕೊಡೋಕೆ ಒಪ್ಪಿದ್ದೀರಾ?”

“ಹ...” ಅಂದರು. ನಾನು ಮೇಜಿನ ಅಂಚು ಹಿಡಿದುಕೊಂಡೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡರು. ತುಟಿ ಬಿಳಚುವಷ್ಟು ಗಟ್ಟಿಯಾಗಿ. ಹಣೆಯ ಮೇಲೆ ಬೆವರು. ಫೋನ್ ಹುಡುಗಿಯೂ ಕಾದಳು, ಅವಸರ ಮಾಡಲಿಲ್ಲ. ಅವಳಿಗೆ ಪುಣ್ಯ ಬರಲಿ.

ಉಸಿರು ಎಳೆದುಕೊಂಡರು.

“ಇ... ಇಲ್ಲ.”

“ಇನ್ನೊಂದು ಸಲ ಹೇಳ್ತೀರಾ ಸರ್, ರೆಕಾರ್ಡಿಗೆ?”

“ಇಲ್ಲ! ಇಲ್ಲ! ಇಲ್ಲ!” ಮೇಜು ಗುದ್ದಿದರು. ಕತ್ತರಿ ಕೆಳಗೆ ಬಿತ್ತು.

“ಅರ್ಜಿ ರದ್ದು ಮಾಡಿದ್ದೀನಿ ಸರ್. ಹೆಸರಿಗೆ ಮತ್ತೆ ಬೀಗ ಹಾಕಿದ್ದೀನಿ. ಪಾಸ್‌ವರ್ಡ್ ಈಗ್ಲೇ ಬದಲಾಯಿಸಿ,” ಅಂದಳು ಹುಡುಗಿ. ನಾದಿನಿ ಅಣ್ಣನ ತಲೆಗೆ ಮುತ್ತು ಕೊಟ್ಟಳು. ನಾನು ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಸಂಜೆ 5

ಈಗ ಎಲ್ಲದಕ್ಕೂ ಇಲ್ಲ.

ಕಾಫಿ? ಇಲ್ಲ. ಅಂದು ಲೋಟ ಕಿತ್ತುಕೊಂಡು ಕುಡಿದರು. ನಾದಿನಿ ಮನೆಗೆ ಹೋಗಿ ಫೋನ್ ಮಾಡಿದಳು. ಅಣ್ಣಾ, ನಾಳೆ ಬರ್ಲಾ? ಇಲ್ಲ. “ಮಾತು ಬಂದ ಮೊದಲ್ನೇ ದಿನಾನೇ ತಂಗೀನ ಓಡಿಸ್ತಿದೀಯಾ!” ಅಂತ ಕೂಗಾಡಿದಳು. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಬಾಗಿಲ ಬೆಲ್. ಕೋಟು ಕೊಡಲು ಬಂದ ಗಿರಾಕಿ ಇರಬೇಕು. ಹೋಗಿ ಬರಲಾ ಅಂದೆ.

ಬಾಯಿ ಮುಚ್ಚಿಕೊಂಡರು. ಉಸಿರು ಎಳೆದುಕೊಂಡರು. ನನ್ನ ಮುಖವನ್ನೇ ನೋಡುತ್ತಾ, ನಿಧಾನವಾಗಿ — “ಇಲ್ಲ.”

ಇದು ಬಾಯಿ ತಪ್ಪಿ ಬಂದದ್ದಲ್ಲ.

ಬೆಲ್ ಮತ್ತೆ ಹೊಡೆಯಿತು. ಹೊಡೆಯಲಿ. ಹಿಡಿದ ನನ್ನ ತೋಳು ಬಿಡುತ್ತಿಲ್ಲ ಇವರು. ಬರೆದದ್ದು ಸಾಕು ಅನ್ನುವ ಹಾಗೆ ಈ ಹಾಳೆಯ ಮೇಲೂ ಕೈ ಇಟ್ಟು—